ದೊಡ್ಡಬ್ಯಾಣದ ಹದಿನಾಲ್ಕು ಹಾಳೆ

“ಏ, ಅದನ್ನ ಬಿಡ್ರಿ! ಅದು ಹಾಸಿಗೆ ಅಲ್ಲ!”

ಮನೋರಮಾ ಕೂಗಿದ ರಭಸಕ್ಕೆ ಅಂಗಳದಲ್ಲಿ ಬಿದಿರು ಸೀಳಿ ಚಟ್ಟ ಕಟ್ಟುತ್ತಿದ್ದವರು ಕತ್ತಿ ನಿಲ್ಲಿಸಿ ತಿರುಗಿ ನೋಡಿದರು. ಅವಳು ಸಾವಿನ ಮನೆಗೆ ಬಂದು ಹತ್ತು ನಿಮಿಷವೂ ಆಗಿರಲಿಲ್ಲ. ಹೆಣದ ಕಾಲಿಗೆ ಕೈ ಮುಗಿದು, ಹೂವಿಟ್ಟು, ಗೋಡೆಗೊರಗಿ ನಿಂತಿದ್ದ ಹೆಂಗಸು ಒಮ್ಮೆಲೇ ಹೀಗೆ ಅರಚಿದರೆ ಯಾರಿಗಾದರೂ ಗಾಬರಿಯೇ. ಒಳಗಿನಿಂದ ಹಾಸಿಗೆಯ ಸುರುಳಿ ಎಳೆದು ತರುತ್ತಿದ್ದ ಇಬ್ಬರು ಹೊಸಿಲಲ್ಲೇ ನಿಂತರು.

ಸತ್ತವರ ಹಾಸಿಗೆ, ದಿಂಬು, ಹೊದಿಕೆ ಮನೆಯೊಳಗೆ ಉಳಿಯಬಾರದು, ಹೆಣದ ಹಿಂದೆಯೇ ಹೋಗಬೇಕು. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೆ ಸೀತಾರಾಮಪ್ಪನ ಹಾಸಿಗೆಯ ಅಡಿ ಏನಿರುತ್ತದೆ ಎಂಬುದು ಮನೆಯವರನ್ನು ಬಿಟ್ಟರೆ ಮನೋರಮಾಗೆ ಮಾತ್ರ ಗೊತ್ತಿತ್ತು. ಮೂವತ್ತು ವರ್ಷ ಆ ಮನುಷ್ಯ ಗಿಡಗಳ ಮೇಲೆ ಮಲಗಿದ್ದ. ಕಾಡಿನಿಂದ ತಂದ ಸೊಪ್ಪು, ಹೂವು, ಬೇರು ಎಲ್ಲವನ್ನೂ ಹಳೇ ಪೇಪರಿನ ಹಾಳೆಗಳ ನಡುವೆ ಹರಡಿ, ಮೇಲೆ ಕೆಳಗೆ ರಟ್ಟು ಕೊಟ್ಟು, ತೆಂಗಿನ ಹುರಿಯಲ್ಲಿ ಬಿಗಿದು ಹಾಸಿಗೆ ಕೆಳಗೆ ತಳ್ಳುತ್ತಿದ್ದ. “ಕಾಲೇಜಿನ ಪ್ರೆಸ್ಸಿಗಿಂತ ನನ್ನ ಮೈಭಾರನೇ ವಾಸಿ ಮೇಡಂ, ಒಂದೇ ಸಮ ಒತ್ತುತ್ತೆ” ಎನ್ನುತ್ತಿದ್ದ. ಅವನ ಹೆಂಡತಿ ಕನ್ನಮ್ಮ, “ಈ ಮನೇಲಿ ಸೊಪ್ಪಿಗಿರೋ ಮರ್ಯಾದೆ ನಂಗಿಲ್ಲ” ಎಂದು ಜಗಳವಾಡಿ ಚಾಪೆ ಹಾಸಿಕೊಂಡವಳು, ಸಾಯುವ ತನಕ ಚಾಪೆಯಲ್ಲೇ ಮಲಗಿದಳು.

ಸಾಗರದ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಸೀತಾರಾಮಪ್ಪ ಅಟೆಂಡರ್, ಮನೋರಮಾ ಅಧ್ಯಾಪಕಿ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಕಾಡುಗಿಡಗಳ ಪಟ್ಟಿ ಮಾಡಬೇಕೆಂಬ ಹುಚ್ಚು ಹಿಡಿದದ್ದು ಅವಳಿಗೆ. ಆ ಹುಚ್ಚಿಗೆ ಕಾಲು ಕೊಟ್ಟವನು ಅವನು. ಓದಿದ್ದು ಎಂಟನೇ ಕ್ಲಾಸು, ಆದರೆ ಲ್ಯಾಟಿನ್ ಹೆಸರುಗಳನ್ನು ಕಿವಿಯಲ್ಲಿ ಕೇಳಿಯೇ ಕಲಿತು ಕನ್ನಡದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಸಾವಿರದ ನೂರ ಹನ್ನೆರಡು ಗಿಡಗಳಾಗಿದ್ದವು. ಒಂದೊಂದರ ಎದುರಿಗೂ ಸಿಕ್ಕಿದ ಊರು, ತಾರೀಕು. ಪುಸ್ತಕ ಅಚ್ಚಿಗೆ ಹೋಗುವುದರಲ್ಲಿತ್ತು. ಅಷ್ಟರಲ್ಲಿ, ಮೂರು ವಾರದ ಹಿಂದೆ, ಅವನಿಗೆ ಲಕ್ವ ಹೊಡೆದು ಮಾತು ಬಿದ್ದುಹೋಯಿತು. ನಿನ್ನೆ ಸಂಜೆ ಜೀವವೂ ಹೋಯಿತು.

ಸುರುಳಿಯಿಂದ ಜಾರಿ ಹೊಸಿಲ ಮೇಲೆ ಬಿದ್ದಿದ್ದ ಕಟ್ಟನ್ನು ಎತ್ತಿಕೊಂಡು ಮನೋರಮಾ ಜಗಲಿಯ ಮೂಲೆಗೆ ಹೋಗಿ ಕೂತಳು. ಬಿಚ್ಚುವ ಹೊತ್ತು ಇದಲ್ಲ ಎಂದು ಗೊತ್ತಿದ್ದೂ ಬಿಚ್ಚಿದಳು. ಸುಮ್ಮನೆ ಕೂತು ಆ ಮುಖ ನೋಡುವುದು ಅವಳಿಂದ ಆಗುತ್ತಿರಲಿಲ್ಲ.

ಹದಿನಾಲ್ಕು ಹಾಳೆ. ಹದಿನಾಲ್ಕರಲ್ಲೂ ಒಂದೇ ಗಿಡ. ಗೇಣುದ್ದದ ದಂಟು, ಹುಲ್ಲಿನಂಥ ಎಲೆ, ಬುಡದಲ್ಲಿ ಪುಟ್ಟ ಗಡ್ಡೆ, ತುದಿಯಲ್ಲಿ ಕಿವಿಯ ಬುಗುಡಿಯಂಥ ಹೂವು. ದನ ಕಾಯುವವರ ಬಾಯಲ್ಲಿ ಅದು ಬುಗುಡಿಗಡ್ಡೆ. ಪಟ್ಟಿಯಲ್ಲಿ ಎಂಟುನೂರ ನಲವತ್ತೇಳನೇ ನಂಬರು. ಪ್ರತಿ ಹಾಳೆಯ ಅಂಚಿನಲ್ಲೂ ಸೀತಾರಾಮಪ್ಪನ ದುಂಡು ಪೆನ್ಸಿಲ್ ಅಕ್ಷರ. ದೊಡ್ಡಬ್ಯಾಣ, ಸೆಪ್ಟೆಂಬರ್ 2011. ದೊಡ್ಡಬ್ಯಾಣ, ಸೆಪ್ಟೆಂಬರ್ 2012. ಹೀಗೆ ಹೋದ ವರ್ಷದ ತನಕ, ಒಂದು ವರ್ಷವೂ ಬಿಡದೆ.

ಮನೋರಮಾಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಹಾಳೆಗಳನ್ನು ಮತ್ತೆ ಮೊದಲಿನಿಂದ ತಿರುವಿ ನೋಡಿದಳು. ಪಟ್ಟಿಯಲ್ಲಿ ಆ ಗಿಡದ ಎದುರು ಇದ್ದ ಜಾಗ ದೊಡ್ಡಬ್ಯಾಣ ಅಲ್ಲ, ತೀರ್ಥಹಳ್ಳಿ ತಾಲ್ಲೂಕಿನ ಕುಂದಾದ್ರಿ. ಅಲ್ಲಿ ಬಂಡೆಯ ಮೇಲೆ ಒಂದೇ ಸಲ ಸಿಕ್ಕಿತು ಎಂದು ಬರೆಸಿದವನು ಇದೇ ಸೀತಾರಾಮಪ್ಪ. ದೊಡ್ಡಬ್ಯಾಣ ಎಂದರೆ ಈ ಮನೆಯ ಹಿಂದಿನ ದಿಬ್ಬ ಏರಿದರೆ ಸಿಗುವ, ಮರವಿಲ್ಲದ, ಕೆಂಪುಕಲ್ಲಿನ ಹುಲ್ಲು ಬಯಲು.

ಮತ್ತೆ ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಹೊಸನಗರದಲ್ಲಿ ಸಭೆ. ದೊಡ್ಡಬ್ಯಾಣದಲ್ಲಿ ಕಲ್ಲಿನ ಕ್ವಾರಿ ಮಾಡಲು ಒಪ್ಪಿಗೆ ಕೊಡುವ ಸಭೆ. ಅಲ್ಲಿಗೆ ಹೋಗುವ ಕಾಗದಗಳಲ್ಲಿ ಒಂದಕ್ಕೆ ಮನೋರಮಾಳದೇ ಸಹಿ ಇತ್ತು. ಏಪ್ರಿಲ್ ತಿಂಗಳಲ್ಲಿ ಜೀಪಿನಲ್ಲಿ ಹೋಗಿ, ಸುಟ್ಟು ಕರಕಲಾಗಿದ್ದ ಆ ಬಯಲನ್ನು ಒಂದು ಸುತ್ತು ಹಾಕಿ, ‘ಇಲ್ಲಿ ಉಲ್ಲೇಖಿಸಬೇಕಾದ ಯಾವುದೇ ಸಸ್ಯವಿಲ್ಲ’ ಎಂದು ಬರೆದುಕೊಟ್ಟಿದ್ದಳು. ಇಷ್ಟಕ್ಕೆಲ್ಲ ಸೀತಾರಾಮಪ್ಪನನ್ನು ಯಾಕೆ ಓಡಾಡಿಸುವುದು ಎಂದು ಅವನನ್ನು ಕೇಳಿರಲೂ ಇಲ್ಲ.

*

ಮೂರು ಮಳೆಗಾಲ ಅವಳು ಕುಂದಾದ್ರಿ ಹತ್ತಿದ್ದಳು.

ಬುಗುಡಿಗಡ್ಡೆಯ ಕುಲ ಗೊತ್ತಾಗಿತ್ತು, ಪ್ರಭೇದ ಮಾತ್ರ ಯಾವ ಪುಸ್ತಕಕ್ಕೂ ಹೊಂದುತ್ತಿರಲಿಲ್ಲ. ಹಸಿ ಹೂವು ಸಿಗದೆ ಏನೂ ಹೇಳುವ ಹಾಗಿರಲಿಲ್ಲ. ಹೊಸ ಪ್ರಭೇದವೇ ಇರಬಹುದೆಂದು ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಸೀತಾರಾಮಪ್ಪ ಮೂರು ಸಲವೂ ಜೊತೆಗೆ ಬಂದ. ಗೊಬ್ಬರದ ಚೀಲ ತಲೆಗೆ ಕೊಪ್ಪೆ ಮಾಡಿಕೊಂಡು, ರಕ್ತ ಹೀರುವ ಉಂಬಳ ಹತ್ತದಂತೆ ಕಾಲಿಗೆ ಸುಣ್ಣ ಹೊಗೆಸೊಪ್ಪು ತಿಕ್ಕಿಕೊಂಡು, ಮುಂದೆ ಮುಂದೆ ಹೋಗುತ್ತಿದ್ದ.

“ಇಲ್ಲೇ ಎಲ್ಲೋ ಇತ್ತು ಮೇಡಂ. ಈ ಬಂಡೆ ಪಕ್ಕನೇ.”

“ಹೋದ ವರ್ಷ ಆ ಬಂಡೆ ಅಂದಿದ್ರಿ.”

“ಬಂಡೆ ಎಲ್ಲಾ ಒಂದೇ ಥರ ಕಾಣ್ತವೆ ಮೇಡಂ, ಎಂತ ಮಾಡದು.”

ಮೂರನೇ ವರ್ಷ ಅವಳು ಜಾರಿ ಬಿದ್ದು ಕಾಲು ಉಳುಕಿತು. ಅವನು ತನ್ನ ಟವೆಲ್ಲು ಹರಿದು ಪಟ್ಟಿ ಕಟ್ಟಿ, ಹೆಗಲು ಕೊಟ್ಟು, ಎರಡು ಗಂಟೆ ಇಳಿಸಿಕೊಂಡು ಬಂದ. ಬಸ್ಸು ಹತ್ತಿಸುವಾಗ, “ಬಿಟ್ಬಿಡಿ ಮೇಡಂ. ಮತ್ತೆ ಸಿಗಲಿಲ್ಲ ಅಂತ ಬರ್ಕೊಳ್ಳಿ. ನಿಮಗ್ಯಾಕೆ ಈ ಪಾಡು” ಅಂದಿದ್ದ. ಅವನ ಕಣ್ಣು ತುಂಬಿದ್ದವು. ಅಯ್ಯೋ, ನನಗಿಂತ ಇವನಿಗೇ ಬೇಜಾರಾಗಿದೆಯಲ್ಲ ಎಂದು ಅವಳು ಸಮಾಧಾನ ಮಾಡಿದ್ದಳು. ಅದು 2014.

ಈಗ ಜಗಲಿಯಲ್ಲಿ ಕೂತು ಆ ವರ್ಷದ ಹಾಳೆಯ ತಾರೀಕು ನೋಡಿದಳು. ಅವಳು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ತಿಂಗಳಲ್ಲೇ ಅವನು ದೊಡ್ಡಬ್ಯಾಣಕ್ಕೆ ಹೋಗಿ ಹೂವು ತಂದಿದ್ದ. ಅವಳಿಗೆ ಸತ್ತವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಎದ್ದು ಹೋಗಿ ಆ ಭುಜ ಹಿಡಿದು ಅಲುಗಾಡಿಸಿ ಕೇಳಬೇಕೆನಿಸಿತು.

*

“ಎಂತ ಮೇಡಂ ಅದು?”

ಸೀತಾರಾಮಪ್ಪನ ಮಗಳು ಪ್ರತಿಮಾ ಬಂದು ಪಕ್ಕದಲ್ಲಿ ಕುಕ್ಕರಿಸಿದಳು. ಅತ್ತು ಅತ್ತು ಕಣ್ಣು ಬಾತಿದ್ದವು. ರಿಪ್ಪನ್‌ಪೇಟೆಯ ಬಸ್‌ಸ್ಟ್ಯಾಂಡ್ ಎದುರು ಅವಳದೊಂದು ಜೆರಾಕ್ಸ್ ಅಂಗಡಿ. ಪಟ್ಟಿಯನ್ನೆಲ್ಲ ಕಂಪ್ಯೂಟರಿಗೆ ಹತ್ತಿಸಿದವಳು ಅವಳೇ. ಅಪ್ಪ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಒಂದೊಂದೇ ಹೆಸರು ಹೇಳುತ್ತಿದ್ದ, ಅವಳು ಕುಟ್ಟುತ್ತಿದ್ದಳು.

ಹಾಳೆಯ ಅಂಚು ಓದಿ ಅವಳ ಹುಬ್ಬು ಗಂಟಾಯಿತು. “ಎಂಟುನೂರ ನಲವತ್ತೇಳು ಕುಂದಾದ್ರಿ ಅಲ್ವಾ?”

“ಅಲ್ಲ. ನಿಮ್ಮಪ್ಪ ಸುಳ್ಳು ಬರೆಸಿದ್ರು.”

ಹೆಣದ ಮುಂದೆ ಹೀಗೆ ಹೇಳಬಾರದಿತ್ತು. ಆದರೆ ಬಾಯಿಂದ ಬಂದಾಗಿತ್ತು. ಮನೋರಮಾ ದನಿ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಕ್ವಾರಿ, ನಾಳಿನ ಸಭೆ, ತನ್ನ ಸಹಿ. “ಈ ಹಾಳೆಗಳನ್ನ ಅಲ್ಲಿ ತೋರಿಸ್ಬೇಕು ಪ್ರತಿಮಾ. ನೋಡು, ಪ್ರತಿ ಪೇಪರಿನ ನೆತ್ತಿ ಮೇಲೂ ಅಚ್ಚಾದ ತಾರೀಕಿದೆ. ನಿನ್ನೆ ಮೊನ್ನೆ ತಂದು ನೆಟ್ಟಿದ್ದು ಅಂತ ಯಾರೂ ಅನ್ನೋ ಹಾಗಿಲ್ಲ. ಬೇರೆ ಯಾವ ಸಾಕ್ಷಿನೂ ನನ್ನ ಹತ್ರ ಇಲ್ಲ.”

“ತೋರಿಸಿ? ಆಮೇಲೆ?”

ಮನೋರಮಾ ಹಾಳೆಯ ಅಂಚು ಸವರಿದಳು.

“ಒಂದು ಸುಳ್ಳು ಅಂದ್ರೆ ಉಳಿದ ಸಾವಿರದ ನೂರ ಹನ್ನೊಂದೂ ಸುಳ್ಳೇ ಅಂತಾರೆ ಮೇಡಂ. ಊರು ತಪ್ಪಿದ ಹಾಳೆ ಒಲೆಗೆ ಲಾಯಕ್ಕು ಅಂತ ನೀವೇ ಅಲ್ವಾ ಹೇಳ್ತಿದ್ದಿದ್ದು? ಅಪ್ಪ ಮೂವತ್ತು ವರ್ಷ ನಡೆದಿದ್ದೆಲ್ಲ ನೀರಲ್ಲಿ ಹೋಮ ಆಗ್ತದೆ.” ಅವಳು ಹೆಣದ ಕಡೆ ನೋಡಿದಳು. “ಅಪ್ಪಂಗೆ ಇದ್ದಿದ್ದು ಅದೊಂದೇ ಹೆಸ್ರು. ಇವತ್ತೇ ಅದನ್ನ ಕೆಡಿಸ್ಬೇಡಿ.”

ಅಂಗಳದಲ್ಲಿ ಊರಿನ ನಿವೃತ್ತ ಹೆಡ್‌ಮಾಸ್ತರು ಶಿವಮೂರ್ತಿ ನಾಲ್ಕು ಜನರನ್ನು ಸುತ್ತ ಕೂರಿಸಿಕೊಂಡು ಮಾತಿಗೆ ತೊಡಗಿದ್ದರು. ಸಾವಿನ ಮನೆಯಲ್ಲೂ ಅವರ ದನಿ ತರಗತಿಯದೇ.

“ಮದುವೆ ಮನೇಲಿ ಎಲೆ ಮುಂದೆ ಕೂತಿದ್ರೂ ಇವನ ಕಣ್ಣು ಹಿತ್ಲಿನ ಕಳೆ ಮೇಲೇ. ಒಂದ್ಸಲ ಪಾಯಸ ಬಡಿಸೋರು ಬಂದ್ರೆ ಆಸಾಮಿನೇ ಇಲ್ಲ! ಹೋಗಿ ನೋಡಿದ್ರೆ ಬಚ್ಚಲು ನೀರು ಹೋಗೋ ಕಡೆ ಕೂತು ಎಂತದೋ ಕೀಳ್ತಿದಾನೆ.”

ಒಬ್ಬಿಬ್ಬರು ನಕ್ಕು, ತಕ್ಷಣ ಮುಖ ಒರೆಸಿಕೊಂಡರು.

“ಆದ್ರೆ ಒಂದು ಮಾತು. ಸೀತಾರಾಮಪ್ಪ ಈ ಗಿಡ ಇಂಥ ಊರಲ್ಲಿದೆ ಅಂದ್ರೆ ಮುಗೀತು. ಸರ್ವೆ ಕಲ್ಲು ಇದ್ದ ಹಾಗೆ. ಒಂದೇ ಒಂದು ತಪ್ಪಿಲ್ಲ ಮಾರಾಯ್ರೆ. ಬೇಕಾದ್ರೆ ಇಲ್ಲೇ ಇದಾರಲ್ಲ, ಕೇಳಿ.” ಅವರು ಜಗಲಿಯ ಕಡೆ ತಿರುಗಿದರು. “ಹೌದಲ್ವಾ ಮೇಡಂ?”

ಅಂಗಳವೆಲ್ಲ ಅವಳನ್ನು ನೋಡಿತು. ಪ್ರತಿಮಾ ನೋಡಿದಳು. ಮನೋರಮಾ ಹೌದೆಂದು ತಲೆಯಾಡಿಸಿದಳು.

ಪ್ರತಿಮಾ ಆಗ ಹಾಳೆಗಳನ್ನು ಒಟ್ಟುಗೂಡಿಸಿ, ರಟ್ಟು ಮುಚ್ಚಿ, ಹುರಿ ಬಿಗಿದಳು. ಎದ್ದು ಹೋಗಿ ಆ ಕಟ್ಟನ್ನು ಅಪ್ಪನ ಎದೆಯ ಪಕ್ಕ, ತೋಳಿನ ಅಡಿಗೆ ಸೇರಿಸಿದಳು. “ಅಪ್ಪನ ಹಾಸಿಗೆ ಜೊತೆ ಇದ್ದಿದ್ದು. ಅಪ್ಪನ ಜೊತೇಲೇ ಹೋಗ್ಲಿ.”

“ಹೋಗ್ಲಿ, ಹೋಗ್ಲಿ. ಅಂವನ ಜೀವನೇ ಅದಾಗಿತ್ತು” ಎಂದರು ಯಾರೋ.

ಮನೋರಮಾ ಕೂತಲ್ಲಿಂದ ಏಳಲಿಲ್ಲ. ನಾಚಿಕೆಯ ಸಂಗತಿಯೆಂದರೆ ಆ ಗಳಿಗೆಯಲ್ಲಿ ಅವಳಿಗೆ ಹಾಯೆನಿಸಿತು. ಅದು ಸುಟ್ಟುಹೋದರೆ ಅವನ ಸುಳ್ಳೂ ಹೋಯಿತು, ಅವಳ ಸಹಿಯ ಬಗ್ಗೆ ಕೇಳುವವರೂ ಇಲ್ಲ. ಪುಸ್ತಕ ಬರುತ್ತದೆ. ಮುಂದಿನ ವರ್ಷ ಅವಳೂ ನಿವೃತ್ತಿಯಾಗುತ್ತಾಳೆ. ಹೋಗುವುದು ಒಂದು ಬೋಳು ಬ್ಯಾಣ, ಅಷ್ಟೇ.

ಸೀತಾರಾಮಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಅಳಿಯ ದಿನೇಶ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಗಂಡಸರೆಲ್ಲ ಹಿಂದೆ ಹೋದರು. ಚಟ್ಟ ತಿರುವಿನಲ್ಲಿ ಮರೆಯಾಗುವ ತನಕ ಅವಳ ಕಣ್ಣು ಆ ತೆಂಗಿನ ಹುರಿಯ ಮೇಲೇ ಇತ್ತು.

*

ಹೆಣ ಎತ್ತಿದ ಮೇಲೆ ಮನೆ ತೊಳೆದು ಹೆಂಗಸರು ಹಳ್ಳಕ್ಕೆ ಹೋಗಿ ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹೊಯ್ದುಕೊಳ್ಳಬೇಕು. ಮನೋರಮಾಗೆ ಬಸ್ಸು ಹಿಡಿದು ಹೋಗಿಬಿಡುವ ಆತುರ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಆದರೆ ಸೀತಾರಾಮಪ್ಪನ ಅಕ್ಕ ಕೆರಿಯಮ್ಮ ಅವಳ ಕೈ ಹಿಡಿದುಕೊಂಡು ಬಿಡಲಿಲ್ಲ. ಎಪ್ಪತ್ತನಾಲ್ಕು ವರ್ಷದ ಮುದುಕಿ, ಅವಳನ್ನು ಅದೇ ಊರಿಗೆ ಮದುವೆ ಮಾಡಿಕೊಟ್ಟಿದ್ದರು.

“ಬನ್ನಿ ಮೇಡಮ್ಮೋರೆ. ಹೆಣದ ಮನೆಗೆ ಬಂದೋರು ಹಂಗೇ ಹೋಗಬಾರ್ದು. ಪ್ರತಿಮಾ, ನೀನೂ ಬಾರೇ.”

ಹಳ್ಳದಲ್ಲಿ ಮೂವರೂ ನೀರು ಹೊಯ್ದುಕೊಂಡರು. ಬಟ್ಟೆ ಹಿಂಡುತ್ತಾ ಕೆರಿಯಮ್ಮ ಇದ್ದಕ್ಕಿದ್ದಂತೆ ಕೇಳಿದಳು, “ನಾಳೆ ಕ್ವಾರಿ ಮೀಟಿಂಗಂತೆ. ನೀವೂ ಬರಕೊಟ್ಟೀರಂತೆ, ಅಲ್ಲೇನೂ ಇಲ್ಲ ಅಂತ.”

“ಹೌದಮ್ಮ.”

“ಬುಗುಡಿಗಡ್ಡೆ ಕಾಣಲಿಲ್ವಾ?”

ಮನೋರಮಾ ತಲೆಯೆತ್ತಿ ನೋಡಿದಳು. ಮುದುಕಿಯ ಮುಖದಲ್ಲಿ ಅಳುವೂ ಇರಲಿಲ್ಲ, ಕೊಂಕೂ ಇರಲಿಲ್ಲ.

“ನಿಮಗೆ ಗೊತ್ತಿತ್ತಾ?”

“ಅಯ್ಯ, ಅಂವಂಗೆ ತೋರ್ಸಿದ್ದೇ ನಾನು! ದನ ಕಾಯಕ್ಕೆ ಹೋದಾಗ ಅಕ್ಕ ತಮ್ಮ ಇಬ್ರೂ ಅದನ್ನೇ ಕಿತ್ತು ತಿಂತಿದ್ವಿ. ಆಮೇಲೆ ಅಂವ ದೊಡ್ಡ ಆಫೀಸರಂಗೆ ಅದನ್ನ ಪೇಪರಲ್ಲಿ ಸುತ್ತಿ ನಿಮ್ಮ ಕಾಲೇಜಿಗೆ ತಗಂಡು ಹೊಂಟ. ನಾನೇ ಅಡ್ಡ ಹಾಕ್ದೆ. ಊರಿನ ಹೆಸ್ರು ಬರಿಬ್ಯಾಡ ಮಾರಾಯ, ಆ ಬಳ್ಳಿಗಾದಂಗೆ ಆಗ್ತದೆ ಅಂದೆ. ಸುಳ್ಳು ಅಂವಂದಲ್ಲ. ನಂದು.”

*

ಆ ಬಳ್ಳಿ! ನಿಟ್ಟೂರಿನ ಆಚೆ ಒಂದು ಕಾಡಿನಲ್ಲಿ ಸಿಕ್ಕಿದ್ದು, ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಹಳ್ಳಿಯವರು ಜಗಿಯುತ್ತಿದ್ದ ಬಳ್ಳಿ. ಮನೋರಮಾ ಉತ್ಸಾಹದಲ್ಲಿ ಭಾನುವಾರದ ಪುರವಣಿಗೆ ಲೇಖನ ಬರೆದಳು. ಫೋಟೋ, ಊರಿನ ಹೆಸರು, ಬಸ್ಸಿಳಿದು ಎಷ್ಟು ದೂರ ನಡೆಯಬೇಕು ಎಲ್ಲವನ್ನೂ ಹಾಕಿದಳು. ಅವನ ಹೆಸರನ್ನೂ ಹಾಕಿದ್ದಳು. ಅವನು ಆ ಪುಟಕ್ಕೆ ಚೌಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಿದ್ದ.

ತಿಂಗಳ ನಂತರ ಅವನೇ ಬಂದು ಕರೆದ. “ಮೇಡಂ, ಒಂದ್ಸಲ ಬಂದು ನೋಡಿ.”

ಹೋಗಿ ನೋಡಿದರೆ ಬಳ್ಳಿ ಇದ್ದಲ್ಲೆಲ್ಲ ಗುಂಡಿ. ಜೀಪಿನಲ್ಲಿ ಬಂದವರು ಮೂರು ದಿನ ಬಿಡಾರ ಹೂಡಿ, ಎಲೆ ಮಾತ್ರವಲ್ಲ, ಬೇರು ಸಮೇತ ಅಗೆದು ಗೋಣಿಚೀಲದಲ್ಲಿ ತುಂಬಿಕೊಂಡು ಹೋಗಿದ್ದರು. ಬಿಸಿಲಿಗೆ ಬಿದ್ದ ತುಂಡು ಬೇರುಗಳನ್ನು ಅವನು ಒಂದೊಂದೇ ಎತ್ತಿ ಮಣ್ಣು ಮುಚ್ಚುತ್ತಾ ಹೋದ. ಯಾವುದೂ ಚಿಗುರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

“ಊರು ಬರೆದ್ರೆ ಬರೋರು ಗಿಡ ನೋಡೋರು ಮಾತ್ರ ಅಲ್ಲ ಮೇಡಂ” ಅಂದ.

“ಊರು ಬರೀದೆ ಪಟ್ಟಿ ಆಗಲ್ಲ ಸೀತಾರಾಮಪ್ಪ. ಅದಿಲ್ಲದಿದ್ರೆ ಅದು ಬರೀ ಒಣಗಿದ ಸೊಪ್ಪು.”

“ಹೌದು ಮೇಡಂ” ಅಂದ. ಅವನು ಯಾವತ್ತೂ ವಾದ ಮಾಡಿದವನಲ್ಲ. ಮನೆಗೆ ಹೋಗಿ ಗೋಡೆಯ ಮೇಲಿನ ಆ ಚೌಕಟ್ಟು ಇಳಿಸಿದನಂತೆ. ಮುಂದಿನ ಮಳೆಗಾಲದಲ್ಲಿ ಅವನು ಬುಗುಡಿಗಡ್ಡೆ ತಂದ, ಕುಂದಾದ್ರಿಯದೆಂದು ಹೇಳಿ.

*

“ಹಾಗಾದ್ರೆ ಅವರು ನಂಬದೆ ಇದ್ದಿದ್ದು ನನ್ನನ್ನೇ” ಎಂದಳು ಮನೋರಮಾ. ಒದ್ದೆ ಸೆರಗು ಮುಖಕ್ಕೆ ಒತ್ತಿಕೊಂಡು ಅತ್ತಳು. ಬೆಳಗಿನಿಂದ ಬಾರದಿದ್ದ ಅಳು ಈಗ ತಡೆಯಿಲ್ಲದೆ ಬಂತು.

“ಬಿಡಿ ಅತ್ಲಾಗೆ” ಎಂದಳು ಕೆರಿಯಮ್ಮ. “ಬನ್ನಿ, ಇಲ್ಲೇ ಮೇಲಕ್ಕೆ.”

ಹಳ್ಳದ ದಂಡೆ ಹತ್ತಿದರೆ ದೊಡ್ಡಬ್ಯಾಣ. ಮಳೆ ಬಿಟ್ಟು ಹೊಳವಾಗಿ ಬಿಳಿಚು ಬಿಸಿಲು ಬಿದ್ದಿತ್ತು. ಏಪ್ರಿಲ್‌ನಲ್ಲಿ ಜೀಪಿನ ಚಕ್ರದಡಿ ಕರಕರ ಎನ್ನುತ್ತಿದ್ದ ಕರಕಲು ನೆಲವೆಲ್ಲ ಈಗ ಮೊಣಕಾಲೆತ್ತರದ ಹುಲ್ಲು. ಹುಲ್ಲಿನ ನಡುವೆ, ಕಲ್ಲಿನ ಬಿರುಕುಗಳಲ್ಲಿ, ನೀರು ನಿಂತ ಗುಳಿಗಳ ಸುತ್ತ, ಕಣ್ಣು ಹಾಯುವ ತನಕ ಬುಗುಡಿಗಡ್ಡೆಯ ಹೂವು. ಸಾವಿರಾರು. ಗಾಳಿಗೆ ಎಲ್ಲವೂ ಒಟ್ಟಿಗೆ ತಲೆ ಅಲ್ಲಾಡಿಸುತ್ತಿದ್ದವು. ಅಲ್ಲಲ್ಲಿ ಕ್ವಾರಿಯವರು ಹೊಡೆದುಹೋದ ಗೂಟ, ಗೂಟಕ್ಕೆ ಕೆಂಪು ಬಣ್ಣ.

“ಹತ್ತು ದಿನ ಇರ್ತದೆ ಹಿಂಗೆ. ಆಮೇಲೆ ಇಲ್ಲಿ ಎಂತದೋ ಇತ್ತು ಅಂತಾನೂ ಗೊತ್ತಾಗದಿಲ್ಲ” ಎಂದಳು ಕೆರಿಯಮ್ಮ.

ಪ್ರತಿಮಾ ಬಗ್ಗಿ ಒಂದು ಹೂವಿಗೆ ಕೈ ಚಾಚಿದಳು.

“ಮುಟ್ಟಬ್ಯಾಡ್ವೇ! ನಮಗೆ ಸೂತಕ. ಮುಟ್ಟಿದ್ರೆ ಬಾಡ್ತದೆ.”

ಪ್ರತಿಮಾ ಕೈ ಹಿಂದಕ್ಕೆಳೆದುಕೊಂಡು ಎದೆಗೆ ಕಟ್ಟಿಕೊಂಡಳು. ಹಾಗೇ ನಿಂತು ಕೇಳಿದಳು.

“ಅತ್ತೆ, ಅಪ್ಪ ಇದರ ಊರು ಸುಳ್ಳು ಬರೆದ್ಮೇಲೆ ಮತ್ತೆ ಪ್ರತಿ ವರ್ಷ ಯಾಕೆ ಕೀಳ್ತಿದ್ದ? ಹಾಸಿಗೆ ಕೆಳಗೆ ಯಾಕೆ ಇಟ್ಕೊಂಡಿದ್ದ?”

“ನಾನೂ ಕೇಳ್ದೆ. ವರ್ಷಕ್ಕೆ ಒಂದೇ ಕೀಳ್ತಿದ್ದ, ಅದೂ ನಂಗೆ ಹೇಳಿ. ‘ಅಕ್ಕ, ಒಂದಿನ ಮೇಡಂಗೆ ಹೇಳ್ಬೇಕು. ಬರೀ ಬಾಯಲ್ಲಿ ಹೇಳಿದ್ರೆ ಸಾಲದು, ಲೆಕ್ಕ ಸರಿಯಾಗಿ ಒಪ್ಪಿಸ್ಬೇಕು. ಒಂದು ವರ್ಷನೂ ತಪ್ಪಬಾರ್ದು’ ಅಂತಿದ್ದ. ಹೇಳಕ್ಕೆ ಧೈರ್ಯ ಸಾಲದೆ ಮುಂದಿನ ವರ್ಷ, ಮುಂದಿನ ವರ್ಷ ಅಂತ ದಿನ ತಳ್ಳಿದ, ಪುಣ್ಯಾತ್ಮ.”

ಮನೋರಮಾಗೆ ಆಸ್ಪತ್ರೆ ನೆನಪಾಯಿತು. ಹತ್ತು ದಿನದ ಹಿಂದೆ, ಮಾತು ಬಿದ್ದುಹೋದವನಿಗೆ ಬೇಜಾರು ಕಳೆಯಲೆಂದು ಅದೂ ಇದೂ ಹೇಳುತ್ತಾ, ದೊಡ್ಡಬ್ಯಾಣದ ವರದಿಯ ಸಂಗತಿಯನ್ನೂ ಹೇಳಿದ್ದಳು. ಅವನು ಎಡಗೈಯಿಂದ ಹಾಸಿಗೆ ಬಡಿಯತೊಡಗಿದ್ದ. ಬಡಿದೇ ಬಡಿದ. ಮಗ್ಗುಲು ಒತ್ತುತ್ತಿದೆಯೇನೋ ಎಂದು ಅವಳು ನರ್ಸನ್ನು ಕರೆದು ಬೆಡ್‌ಶೀಟು ಸರಿ ಮಾಡಿಸಿದ್ದಳು.

ಅವಳು ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಪ್ರತಿಮಾ ಬ್ಯಾಣದ ಆಚೆ ಅಂಚಿನ ಕಡೆ ತಿರುಗಿದ್ದಳು. ಅಲ್ಲಿ ಕೆಳಗೆ ಸುಡುಗಾಡು. ಮಳೆಗೆಂದು ಕಟ್ಟಿದ ತಗಡಿನ ಮಾಡು, ಅದರ ಕೆಳಗೆ ಸೌದೆಯ ರಾಶಿ, ಸುತ್ತ ಗಂಡಸರು. ದಿನೇಶ ಹೆಗಲ ಮೇಲೆ ನೀರಿನ ಕೊಡ ಇಟ್ಟುಕೊಳ್ಳುತ್ತಿದ್ದುದು ಇಲ್ಲಿಂದಲೇ ಕಂಡಿತು. ಮೂರು ಸುತ್ತು ಬಂದು, ಕೊಡ ಒಡೆದು, ಆಮೇಲೆ ಬೆಂಕಿ.

“ಅಯ್ಯಯ್ಯೋ” ಎಂದು ಪ್ರತಿಮಾ ಓಡಿದಳು.

ಓಡಿದಳು ಅಂದರೆ, ಓಡಲಾಗಲಿಲ್ಲ. ಎಲ್ಲಿ ಕಾಲಿಟ್ಟರೂ ಹೂವು. “ಕಾಲೂ ತಾಗಬಾರ್ದೇ, ನೋಡ್ಕಂಡು!” ಎಂದು ಕೆರಿಯಮ್ಮ ಹಿಂದಿನಿಂದ ಕೂಗುತ್ತಿದ್ದಳು. ಪ್ರತಿಮಾ ಬರಿ ಕಲ್ಲು ಹುಡುಕಿ ಅದರ ಮೇಲೆ ಹಾರಿದಳು, ಅಲ್ಲಿಂದ ಇನ್ನೊಂದಕ್ಕೆ. ದಾರಿ ತಪ್ಪಿ ಎಡಕ್ಕೆ ಹೋದಳು, ಮತ್ತೆ ಬಲಕ್ಕೆ ಬಂದಳು. ಮನೋರಮಾ ಅವಳ ಹಿಂದೆ, ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡು, ಉಳುಕಿ ವಾಸಿಯಾದ ಕಾಲು ನೋಯಿಸಿಕೊಂಡು, ಒಂದೊಂದು ಹೆಜ್ಜೆಗೂ ನೆಲ ನೋಡಿಕೊಂಡು ಬಂದಳು. ಕೆಳಗೆ ದಿನೇಶ ಎರಡನೇ ಸುತ್ತು ಮುಗಿಸಿದ್ದ. ಮನೋರಮಾ ಕೂಗಿದಳು. ಗಾಳಿ ಇತ್ತ ಬೀಸುತ್ತಿತ್ತು, ಯಾರಿಗೂ ಕೇಳಲಿಲ್ಲ.

ಅವರು ಇಳಿಜಾರು ಜಾರಿ ಮಾಡಿನ ಹತ್ತಿರ ಬಂದಾಗ ಕೊಡ ಒಡೆದಾಗಿತ್ತು. ದಿನೇಶನ ಕೈಗೆ ಯಾರೋ ಕೊಳ್ಳಿ ಕೊಡುತ್ತಿದ್ದರು.

“ದಿನೇಶ್, ನಿಲ್ಲಿ! ಬೆಂಕಿ ಇಡ್ಬೇಡಿ!”

“ಎಂತ ಮಾರಾಯ್ತಿ ಇದು! ಹೆಂಗಸರು ಇಲ್ಲಿಗೆ ಬರ್ತಾರಾ?” ಎಂದು ಶಿವಮೂರ್ತಿ ಮೇಷ್ಟ್ರು ಅಡ್ಡ ಬಂದರು.

ಪ್ರತಿಮಾ ಏದುಸಿರು ಬಿಡುತ್ತಾ ಅವರನ್ನು ದಾಟಿ ಹೋದಳು. ಹೆಣದ ಎದೆಯ ಮೇಲೆ ಆಗಲೇ ಎರಡು ಸೌದೆ ಹೇರಿದ್ದರು. ಅದರ ಅಡಿ ಕಟ್ಟಿನ ಹುರಿ ಕಾಣುತ್ತಿತ್ತು.

“ನಮ್ಮಪ್ಪ ಒಂದು ಸುಳ್ಳು ಬರೆದಿದ್ದಾರೆ. ಅದನ್ನ ವಾಪಸ್ ತಗಂಡು ಹೋಗಕ್ಕೆ ಬಂದೆ” ಎಂದಳು. ದನಿ ಎಲ್ಲರಿಗೂ ಕೇಳುವಷ್ಟು ಜೋರಾಗಿತ್ತು. “ಅವರೇ ಹೇಳ್ಬೇಕು ಅಂತಿದ್ರಂತೆ. ಆಗಲಿಲ್ಲ.”

ದಿನೇಶ ಕೊಳ್ಳಿಗೆ ಚಾಚಿದ ಕೈ ಹಿಂದಕ್ಕೆ ತೆಗೆದ.

“ಸುಳ್ಳಾ? ಸೀತಾರಾಮಪ್ಪನಾ?” ಎಂದರು ಮೇಷ್ಟ್ರು.

“ಹೌದು ಮೇಷ್ಟ್ರೆ” ಎಂದಳು ಮನೋರಮಾ. “ಈ ಗಿಡ ಕುಂದಾದ್ರಿದಲ್ಲ, ಇಲ್ಲೇ ಮೇಲಿನ ಬ್ಯಾಣದ್ದು. ಆಗ ನೀವು ಕೇಳಿದಾಗ ನಾನು ತಲೆಯಾಡಿಸಿದ್ದೂ ಸುಳ್ಳು. ಇಲ್ಲಿ ಏನೂ ಇಲ್ಲ ಅಂತ ನಾನು ಸಹಿ ಮಾಡಿಕೊಟ್ಟಿದ್ದೀನಿ, ಅದು ಎಲ್ಲಕ್ಕಿಂತ ದೊಡ್ಡದು. ನಾಳೆ ಮೀಟಿಂಗಲ್ಲಿ ಎಲ್ಲಾನೂ ಹೇಳ್ತೀನಿ. ಪುಸ್ತಕ ನಿಂತ್ರೆ ನಿಲ್ಲಲಿ. ಒಂದೊಂದು ಗಿಡನೂ ಮತ್ತೆ ಹೋಗಿ ನೋಡಿ ಬರೀತೀನಿ. ಆ ಕಟ್ಟು ಬೇಕು ನನಗೆ.”

ಶಿವಮೂರ್ತಿ ಮೇಷ್ಟ್ರು ಹೆಣದ ಮುಖವನ್ನು ನೋಡಿದರು, ಮನೋರಮಾಳನ್ನು ನೋಡಿದರು. ಆಮೇಲೆ ತಾವೇ ಮುಂದೆ ಹೋಗಿ ಸೌದೆಗೆ ಕೈ ಹಾಕಿದರು. “ಹಿಡಿಯೋ ದಿನೇಶ, ಆ ತುದಿ ಎತ್ತು.”

ಎರಡು ಸೌದೆ ಇಳಿಸಿದರು. ಪ್ರತಿಮಾ ಕಟ್ಟಿಗೆ ಕೈ ಚಾಚಿ, ತನ್ನ ಬೆರಳಿನಿಂದ ನೀರು ತೊಟ್ಟಿಕ್ಕುತ್ತಿರುವುದು ಕಂಡು ನಿಂತಳು. ಒರೆಸಿಕೊಳ್ಳಲು ಅವಳ ಮೈಮೇಲೆ ಒಣಗಿದ್ದೇನೂ ಇರಲಿಲ್ಲ. ಮನೋರಮಾಳ ಮೈಮೇಲೂ ಇರಲಿಲ್ಲ. ಮೇಷ್ಟ್ರು ಹೆಗಲ ಮೇಲಿನ ಟವೆಲ್ಲು ತೆಗೆದು, ಸತ್ತವನ ತೋಳಿನ ಅಡಿಯಿಂದ ಮೆಲ್ಲಗೆ ಕಟ್ಟನ್ನು ಬಿಡಿಸಿ, ಟವೆಲ್ಲಿನಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡರು.

ಸೌದೆ ಮತ್ತೆ ಹೇರಿದರು. ದಿನೇಶ ಬೆಂಕಿ ಕೊಟ್ಟ. ಹೊಗೆ ಎದ್ದು ತಗಡಿಗೆ ಬಡಿದು ಸುತ್ತಲೂ ಇಳಿದಾಗ ಎಲ್ಲರೂ ಮಾಡಿನಿಂದ ಹೊರಗೆ ಸರಿದರು. ಆ ಹೊತ್ತಿಗೆ ಸರಿಯಾಗಿ ಬಿಸಿಲು ಹೋಗಿ ಮಳೆ ಹನಿಯತೊಡಗಿತು. ಅಷ್ಟು ಜನರಲ್ಲಿ ಕೊಡೆ ತಂದಿದ್ದವರು ನಾಲ್ವರು. ನಾಲ್ಕೂ ಕೊಡೆಗಳು ಬಿಚ್ಚಿಕೊಂಡು, ಒಂದರ ಅಂಚು ಇನ್ನೊಂದಕ್ಕೆ ತಾಗುವ ಹಾಗೆ, ಮೇಷ್ಟ್ರ ಎದೆಯ ಮುಂದಿನ ಆ ಕಟ್ಟಿನ ಮೇಲೆ ಬಂದು ನಿಂತವು. ಕೊಡೆ ಹಿಡಿದವರೂ, ಮೇಷ್ಟ್ರ ಬೋಳುತಲೆಯೂ, ಉಳಿದವರೆಲ್ಲರೂ ತೊಯ್ಯುತ್ತಾ ಬೆಂಕಿ ನೋಡುತ್ತಿದ್ದರು.